ಕ್ಲಚ್ ಇಲ್ಲದ ಗಾಡಿ ಕಟ್ಟಿಕೊಂಡು

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ರಿಪೇರಿ ಬರುತ್ತಿತ್ತು. ಹೋಯಿತು ಅಂದುಕೊಂಡು ಉಸಿರು ಬಿಡುವಷ್ಟರಲ್ಲಿ ಮರೆತುಹೋದ ಚೀಲ ತೆಗೆದುಕೊಂಡು ಹೋಗಲು ಬಂದವರ ಹಾಗೆ ಮತ್ತೆ ಬಾಗಿಲಲ್ಲಿ ನಿಂತಿರುತ್ತಿತ್ತು.

ಮೊದಲು ಗಾಡಿಯ ವಿಷಯ ಹೇಳಬೇಕು. ಊರಾಚೆ ಬಾವಿ ಕೊರೆಯಲು ಬಂದಿದ್ದ ಯಾವುದೋ ಹೊರದೇಶದವರು ಕೆಲಸ ಮುಗಿಸಿ ಹೋಗುವಾಗ ಎರಡು ಪಿಕಪ್ ಗಾಡಿಗಳನ್ನು ಹರಾಜಿಗಿಟ್ಟರು. ಒಂದನ್ನು ನಮ್ಮ ಮನೆಯವರು ಕೂಗಿದರು, ಇನ್ನೊಂದನ್ನು ಕೋಣನಕುಂಟೆಯ ಚಪ್ಪಡಿ ಕಲ್ಲಿನ ವ್ಯಾಪಾರಿ ಕೂಗಿದರು. ಮನೆಗೆ ತಂದ ಮೇಲೆ ಗೊತ್ತಾಯಿತು, ಗಾಡಿಗೆ ಕ್ಲಚ್ಚೇ ಇಲ್ಲ. ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ.

"ಆಟೋಮೆಟಿಕ್ ಕಣೇ! ಡ್ರೈವರ್ ಏನೂ ಮಾಡೋ ಹಾಗೇ ಇಲ್ಲ" ಅಂದರು ಇವರು.

"ಹಾಗಾದ್ರೆ ನಿಮಗೆ ಹೇಳಿ ಮಾಡಿಸಿದ್ದು" ಅಂದೆ.

ಬಾಯಲ್ಲಿ ಹಾಗೆ ಅಂದರೂ ಆ ಗಾಡಿ ಓಡಲೇಬೇಕಿತ್ತು. ಇವರು ಜರಗನಹಳ್ಳಿಯಲ್ಲಿ ಅಣ್ಣಂದಿರ ಇಟ್ಟಿಗೆ ಗೂಡು ಬಿಟ್ಟು ಬಂದಿದ್ದರು. ಜೆ.ಪಿ. ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಎರಡು ವರ್ಷದ ಮಗಳು, ನನ್ನದೇ ಅನ್ನುವ ಒಂದು ಸೀಮೆಎಣ್ಣೆ ಸ್ಟೋವ್. ಹೊರಡುವಾಗ ಅತ್ತೆ ಒಂದೇ ಮಾತು ಹೇಳಿದ್ದರು. "ಮುಂದಿನ ಆಷಾಢದ ತನಕ ನೋಡ್ತೀನಿ. ಗಾಡಿ ಓಡಿದ್ರೆ ಸರಿ. ಇಲ್ಲಾಂದ್ರೆ ಅದನ್ನ ಮಾರಿ, ಸಾಮಾನು ಕಟ್ಕೊಂಡು ಮನೆಗ್ ಬನ್ನಿ." ಆ ಮನೆಯಲ್ಲಿ ಉಣ್ಣುವವರು ಹದಿನಾಲ್ಕು ಜನ, ರುಬ್ಬುವ ಒರಳು ಒಂದು, ಒರಳಿನ ಮುಂದೆ ಕೂರುವವಳು ಕಿರಿಯ ಸೊಸೆ. ಕಿರಿಯ ಸೊಸೆ ಅಂದರೆ ನಾನು. ಹಾಗಾಗಿ ಗಾಡಿಯ ಗೇರಿಗೂ ನನ್ನ ರಟ್ಟೆಗೂ ನೇರ ಸಂಬಂಧವಿತ್ತು.

ಎಡಗಾಲು

ಆಗ ಜಯನಗರದಿಂದ ಬನಶಂಕರಿಗೆ, ಬನಶಂಕರಿಯಿಂದ ಜೆ.ಪಿ. ನಗರಕ್ಕೆ ಜನ ಮನೆ ಬದಲಾಯಿಸುತ್ತಲೇ ಇದ್ದರು. ಸಾಮಾನು ಸಾಗಿಸುವುದು ಇವರ ಕೆಲಸ, ಅಡುಗೆಮನೆಯ ಡಬ್ಬಿ ಭರಣಿ ಕಟ್ಟುವುದು ನನ್ನ ಪಾಲು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೂ ಗಾಡಿಯಲ್ಲಿ ಹೋಗುತ್ತಿದ್ದೆ.

ಇವರು ಹತ್ತು ವರ್ಷ ಇಟ್ಟಿಗೆ ಲಾರಿ ಓಡಿಸಿದವರು. ಗೇರ್ ಬದಲಾಗುವ ಸದ್ದು ಕೇಳಿದರೆ ಸಾಕು, ಎಡಗಾಲು ತಾನಾಗಿ ಕ್ಲಚ್ ಒತ್ತಲು ಹೋಗುತ್ತಿತ್ತು. ಕ್ಲಚ್ ಇರಬೇಕಾದ ಜಾಗಕ್ಕೆ ಅಗಲವಾದ ಬ್ರೇಕ್ ಚಾಚಿಕೊಂಡಿತ್ತು. ಗಾಡಿ ಧಡ್ ಅಂತ ನಿಲ್ಲುತ್ತಿತ್ತು. ಮೊದಲನೇ ಬಾಡಿಗೆಯಲ್ಲೇ ಒಬ್ಬ ನಿವೃತ್ತ ಮೇಷ್ಟರ ಉಪ್ಪಿನಕಾಯಿ ಭರಣಿ ಅವರ ಪುಸ್ತಕದ ಪೆಟ್ಟಿಗೆಗೆ ಹೋಗಿ ಸೇರಿತು.

ಎರಡನೇ ಬಾಡಿಗೆಗೆ ಹೊರಡುವ ಮೊದಲು ನಾನು ಹಳೇ ಸೀರೆಯ ಅಂಚು ಹರಿದು ಇವರ ಎಡಗಾಲನ್ನು ಸೀಟಿನ ಕಂಬಿಗೆ ಕಟ್ಟಿದೆ. ಬನಶಂಕರಿ ದೇವಸ್ಥಾನದ ಹತ್ತಿರ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಕಿಟಕಿಯಲ್ಲಿ ಬಗ್ಗಿ ನೋಡಿದ.

"ಏನ್ರೀ ಇದು, ಕಾಲಿಗೆ?"

"ಸಾರ್, ಬಿಚ್ಚಿದ್ರೆ ಗಾಡಿ ನಿಂತುಹೋಗುತ್ತೆ. ನಾನೇ ಕಟ್ಟಿದ್ದು" ಅಂದೆ.

ಆತ ನನ್ನನ್ನು ನೋಡಿದ, ಇವರನ್ನು ನೋಡಿದ, ನಿಟ್ಟುಸಿರು ಬಿಟ್ಟು ಕೈ ತೆಗೆದ. "ಹೋಗ್ರಿ. ನಮ್ಮನೇಲೂ ಕಟ್ಟಿದ್ದಾರೆ, ದಾರ ಕಾಣಲ್ಲ ಅಷ್ಟೆ."

ಬಾಗಿಲ ಮುಂದೆ ಕೆಂಪು ನೀರು

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಗೇರಿನ ಪೆಟ್ಟಿಗೆ ಸೋರತೊಡಗಿತು. ಆ ಎಣ್ಣೆಯ ಬಣ್ಣ ಕೆಂಪು. ಬೆಳಿಗ್ಗೆ ಎದ್ದು ನೋಡಿದರೆ ನನ್ನ ರಂಗೋಲಿಯ ಪಕ್ಕದಲ್ಲಿ ಒಂದು ಕೆಂಪು ಮಡು. ಎದುರು ಮನೆಯ ಆಂಟಿ ಮೊದಲ ದಿನ ಸುಮ್ಮನೆ ನೋಡಿದರು. ಎರಡನೇ ದಿನ "ಏನಮ್ಮಾ, ವಿಶೇಷ?" ಅಂದರು. "ಏನಿಲ್ಲ ಆಂಟಿ" ಅಂದೆ. ಮೂರನೇ ದಿನವೂ ಮಡು ಇತ್ತು. ಮನೆಯಲ್ಲಿ ಆರತಿ ಎತ್ತಿದ ಮೇಲೆ ಆ ಕೆಂಪು ನೀರನ್ನು ಬಾಗಿಲ ಮುಂದೆ ಚೆಲ್ಲುವುದು ಯಾರಿಗೆ ಗೊತ್ತಿಲ್ಲ? ದಿನಾ ಆರತಿ, ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಬಸುರಿ, ಮುಚ್ಚಿಡುತ್ತಿದ್ದಾಳೆ ಎಂದು ಆಂಟಿ ತೀರ್ಮಾನಿಸಿದರು.

ಸುದ್ದಿ ಬಸ್ಸು ಹತ್ತಿ ಜರಗನಹಳ್ಳಿಗೆ ಹೋಯಿತು. ಮಾರನೇ ದಿನವೇ ಅತ್ತೆ ಮಡಿಲಕ್ಕಿ, ಕೊಬ್ಬರಿ, ಒಂದು ಡಬ್ಬಿ ರವೆ ಉಂಡೆ ಹಿಡಿದು ಬಂದರು. "ನನಗೊಂದ್ ಮಾತು ಹೇಳಬಾರ್ದಾ?" ಎಂದು ಕಣ್ಣಲ್ಲಿ ನೀರು ಬೇರೆ. ನಾನು ಅವರನ್ನು ಕರೆದುಕೊಂಡು ಹೋಗಿ ಗಾಡಿಯ ಅಡಿ ತೋರಿಸಿದೆ. ತೊಟ್ಟಿಕ್ಕುತ್ತಲೇ ಇತ್ತು. ಅತ್ತೆ ಬಗ್ಗಿ ನೋಡಿದರು. ಮಡಿಲಕ್ಕಿಯನ್ನು ಚೀಲಕ್ಕೆ ವಾಪಸ್ಸು ಹಾಕಿಕೊಂಡರು.

"ತಿಂಗಳು ತುಂಬಿರೋದು ನಿನಗಲ್ಲ ಹಾಗಾದ್ರೆ, ಇದಕ್ಕೆ."

ಮೇಸ್ತ್ರಿಯ ಮದ್ದು

ಬನಶಂಕರಿಯಲ್ಲಿ ಹೊಂಗೆ ಮರದ ಕೆಳಗೆ ಒಬ್ಬ ಮೇಸ್ತ್ರಿ ಇದ್ದ. ಅವನು ಬಿಚ್ಚದ ಎಂಜಿನ್ ಈ ಕಡೆ ಇರಲಿಲ್ಲ. ನಮ್ಮ ಗಾಡಿಯೊಳಗೆ ಕಾಲು ಚಾಚಿ ಕೂತು, ತಡಕಾಡಿ, ಇವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಅಣ್ಣಾ, ನಿಮ್ಮ ಕ್ಲಚ್ ಯಾರೋ ಕದ್ದಿದ್ದಾರೆ."

ಗಾಡಿಯ ಡ್ರಾಯರಿನಲ್ಲಿ ಇಂಗ್ಲಿಷಿನ ಒಂದು ಪುಸ್ತಕವಿತ್ತು. ನಮ್ಮಿಬ್ಬರಲ್ಲಿ ಹತ್ತನೇ ಕ್ಲಾಸ್ ಮುಟ್ಟಿದವಳು ನಾನೇ. ಮಗಳು ಮಲಗಿದ್ದಾಗ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನಾಲ್ಕು ದಿನ ಓದಿದೆ. ಈ ಗೇರಿಗೆ ತೆಳು ಎಣ್ಣೆಯೇ ಬೇಕು, ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು ಎಂದು ಅದರಲ್ಲಿತ್ತು. ಹೋಗಿ ಹೇಳಿದೆ.

ಮೇಸ್ತ್ರಿ ನಕ್ಕ. "ಅಕ್ಕಾ, ಎಂಜಿನ್ ಓಡ್ತಿರುವಾಗ ಎಣ್ಣೆ ಅಳೆಯೋದು ಅಂದ್ರೆ ಓಡ್ತಿರೋ ಹಸು ಹಿಂದೆ ಚೊಂಬು ಹಿಡ್ಕೊಂಡು ಹಾಲು ಕರೆದ ಹಾಗೆ. ಪುಸ್ತಕ ಬರೆದೋನು ಹಸು ಕಂಡಿಲ್ಲ."

ಎಂಜಿನ್ ಆರಿಸಿದ. ಲಾರಿಗೆ ಹಾಕುವ ಜೇನಿನಂಥ ಗಟ್ಟಿ ಎಣ್ಣೆಯನ್ನು ಕತ್ತಿನ ತನಕ ತುಂಬಿದ. ಗಾಡಿ ಬಸ್ ಸ್ಟ್ಯಾಂಡಿನ ತನಕ ಹೋಯಿತು, ಅಲ್ಲಿ ನೊರೆ ಕಾರಿತು. ಇವರು ಆಕ್ಸಿಲರೇಟರ್ ಒತ್ತಿದಷ್ಟೂ ಕಿರುಚಿತು, ಒಂದು ಗೇಣು ಮುಂದೆ ಹೋಗಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. ಅಲ್ಲಿದ್ದ ಜನರೆಲ್ಲ ಅವನ ಬಾಯಿ ನೋಡುತ್ತಿದ್ದರು.

"ಮೇಸ್ತ್ರಿ, ಈಗ ಹಸು ನಿಂತಿದೆ. ಕರೀರಿ" ಅಂದೆ.

ಸ್ಥಿರವಾದ ಗೃಹ

ಮೇಸ್ತ್ರಿ ಪೆಟ್ಟಿಗೆ ಬಿಚ್ಚಿ, ಒಳಗಿನ ತಟ್ಟೆಗಳಿಗೆ ಬ್ರೇಕಿನ ಪಟ್ಟಿ ಕತ್ತರಿಸಿ ಅಂಟಿಸಿದ. ನಲವತ್ತು ದಿನ ಓಡಿತು. ನಲವತ್ತೊಂದನೇ ದಿನ ಜೆ.ಪಿ. ನಗರದಲ್ಲಿ ಹೊಸ ಮನೆ ಕಟ್ಟಿದವರ ಗೃಹಪ್ರವೇಶ. ದೇವರ ಪಟ, ಒಲೆ, ಹಾಲಿನ ಪಾತ್ರೆ, ಪುರೋಹಿತರು, ಯಜಮಾನ ದಂಪತಿಗಳು, ಎಲ್ಲ ನಮ್ಮ ಗಾಡಿಯಲ್ಲೇ. ಮನೆಗೆ ಇನ್ನೂ ದೂರವಿರುವಾಗಲೇ, ಖಾಲಿ ಸೈಟುಗಳ ನಡುವೆ ಗಾಡಿ ಕಿರುಚಿ ನಿಂತಿತು. ಒಂದು ಆಟೋ ಕೂಡ ಕಾಣದ ಜಾಗ.

ಎಲ್ಲರೂ ಇಳಿದು ತಳ್ಳಿದರು. ಈ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವ ಜಾತಿಯಲ್ಲ ಎಂದು ನಾನು ಓದಿದ್ದನ್ನು ಹೇಳಿದೆ. ಗಂಡಸರು ತಳ್ಳುವಾಗ ಹೆಂಗಸಿನ ಮಾತು ಯಾರಿಗೆ ಕೇಳುತ್ತದೆ? ಬೆವರಿ, ಸುಸ್ತಾಗಿ, ಅವರಾಗೇ ನಿಲ್ಲಿಸಿದರು. ಮುಹೂರ್ತ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ಯಜಮಾನಿ ಅಳಲು ಶುರು ಮಾಡಿದರು. ನನಗೂ ಅಳು ಬರುತ್ತಿತ್ತು. ಈ ಸುದ್ದಿಯೂ ಬಸ್ಸು ಹತ್ತಿ ಜರಗನಹಳ್ಳಿಗೆ ಹೋಗುವುದೇ.

ಪುರೋಹಿತರು ಪಂಚಾಂಗ ನೋಡಿದರು, ಗಡಿಯಾರ ನೋಡಿದರು, ಗಾಡಿಯ ಮೇಲೆ ಹತ್ತಿದರು. "ಒಲೆ ಹಚ್ಚಿ" ಅಂದರು. ಗಾಡಿಯಲ್ಲೇ ಹಾಲು ಉಕ್ಕಿತು. ಯಜಮಾನರು ಅಳುಕುತ್ತಾ, "ಸ್ವಾಮಿ, ಶಾಸ್ತ್ರದ ಪ್ರಕಾರ ಗಾಡಿ ಗೃಹ ಆಗುತ್ತಾ?" ಎಂದರು.

ಪುರೋಹಿತರು ಗಂಭೀರವಾಗಿ ಗಾಡಿಯ ಅಂಚು ತಟ್ಟಿದರು. "ಗೃಹದ ಲಕ್ಷಣ ಏನು? ಇದ್ದ ಕಡೆಯಿಂದ ಕದಲಬಾರದು. ಇದಕ್ಕಿಂತ ಸ್ಥಿರವಾದ ಗೃಹ ನಾನು ನೋಡಿಲ್ಲ."

ಅವಳಿಗಳು

ಕೋಣನಕುಂಟೆಯವರ ಗಾಡಿಗೂ ಇದೇ ಕಾಯಿಲೆ. ಒಂದು ಗಾಡಿ ಪೂರ್ತಿ ಸತ್ತರೆ ಅದರ ಭಾಗಗಳನ್ನೆಲ್ಲ ಇನ್ನೊಂದಕ್ಕೆ ಕೊಡುವುದೆಂದು ಇಬ್ಬರಿಗೂ ಮಾತಾಗಿತ್ತು. ಅವರು ವಾರಕ್ಕೊಮ್ಮೆ ಬಂದು "ಹೇಗಿದೆ ನಿಮ್ಮದು?" ಎಂದು ಕೇಳುವಾಗ ಮುಖದಲ್ಲಿ ಒಂದು ಆಸೆ ಇರುತ್ತಿತ್ತು. ಇವರು ಹೋಗಿ ಕೇಳುವಾಗ ಇವರ ಮುಖದಲ್ಲೂ ಇರುತ್ತಿತ್ತು, ನಾನೇ ನೋಡಿದ್ದೇನೆ.

ಒಂದು ಮಧ್ಯಾಹ್ನ ನಮ್ಮದು ಕನಕಪುರ ರಸ್ತೆಯಲ್ಲಿ ನಿಂತಿತು. ಅವರು ಹಗ್ಗ ತಂದು ತಮ್ಮ ಗಾಡಿಗೆ ಕಟ್ಟಿ ಎಳೆದರು. ಒಂದು ಫರ್ಲಾಂಗ್ ಹೋಗುವಷ್ಟರಲ್ಲಿ ಅವರದೂ ಕಿರುಚಿತು. ಇಬ್ಬರು ಯಜಮಾನರೂ ರಸ್ತೆ ಬದಿಯ ಕಲ್ಲಿನ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ ಕೂತವರ ಹಾಗೆ ಕೂತರು.

"ನಿಮ್ಮದಕ್ಕೆ ಇದು ಎಷ್ಟನೇ ಸಲ?"

"ನಾಲ್ಕು. ನಿಮ್ಮದು?"

"ಐದು" ಎಂದರು ಕೋಣನಕುಂಟೆಯವರು, ಕತ್ತು ಸ್ವಲ್ಪ ಎತ್ತಿ.

ಕೊನೆಗೆ ಹುಲ್ಲು ಇಳಿಸಿ ಬರುತ್ತಿದ್ದ ಎತ್ತಿನ ಗಾಡಿಯವನೊಬ್ಬ ಒಂದಾದ ಮೇಲೊಂದನ್ನು ಅವರ ಕಲ್ಲಿನ ಅಂಗಳಕ್ಕೆ ಎಳೆದು ಬಿಟ್ಟ. ನಾನು ಮಗಳ ಜೊತೆ ಅವನ ಗಾಡಿಯಲ್ಲೇ ಕೂತಿದ್ದೆ. ಹಿಂದೆ ಬರುತ್ತಿದ್ದುದು ಏನು ಗಾಡಿ ಎಂದು ಕೇಳಿದ. ಗೇರು ತಾನೇ ಬದಲಾಗುತ್ತೆ, ಆಟೋಮೆಟಿಕ್ ಎಂದೆ.

"ನನ್ನದೂ ಅದೇ ಅಕ್ಕಾ. ಹೈ ಅಂದ್ರೆ ಹೋಗುತ್ತೆ, ಹೋ ಅಂದ್ರೆ ನಿಲ್ಲುತ್ತೆ. ಎಣ್ಣೆ ಒಂದ್ ಕೇಳಲ್ಲ."

ಮುಖ ತೋರಿಸಿಕೊಂಡು ಬನ್ನಿ

ಜ್ಯೇಷ್ಠ ಮುಗಿಯುತ್ತಾ ಬಂತು. ಬಾಡಿಗೆಗೆ ಕರೆಯುವವರು ನಿಂತರು. ಗುಜರಿಯವನೊಬ್ಬ ಬಂದು ಗಾಡಿಯನ್ನು ಸುತ್ತಿ ನೋಡಿಕೊಂಡು ಹೋದ. ಅತ್ತೆ ಹೇಳಿ ಕಳಿಸಿದರು. "ನಾಳೆ ಅಮಾವಾಸ್ಯೆ, ನಾಡಿದ್ದಿಂದ ಆಷಾಢ. ಇವತ್ತೇ ಬನ್ನಿ."

ಊರವರ ಸಾಮಾನೆಲ್ಲ ಕಟ್ಟಿದ ಕೈ ನನ್ನದು. ನನ್ನ ಮನೆ ಕಟ್ಟಲು ಒಂದು ಗಂಟೆಯೂ ಬೇಕಾಗಲಿಲ್ಲ. ಸ್ಟೋವನ್ನು ಮಾತ್ರ ಕೊನೆಗೆ ಕಟ್ಟಿದೆ. ಇವರು ಏನೋ ಹೇಳಲು ಬಾಯಿ ತೆರೆದರು. "ನೀವು ಏನೂ ಮಾಡೋ ಹಾಗಿಲ್ಲ ಅಲ್ವಾ, ಆಟೋಮೆಟಿಕ್ಕು" ಅಂದೆ. ಅಂದ ಮೇಲೆ ನನಗೇ ಬೇಜಾರಾಯಿತು.

ಕನಕಪುರ ರಸ್ತೆ ಮುಟ್ಟುತ್ತಲೇ ಗಾಡಿ ಕಿರುಚಿತು. ಇವರು ಗೇರಿನ ಕಡ್ಡಿಯನ್ನು ಆ ಕಡೆ ಈ ಕಡೆ ಎಳೆದು ನೋಡಿದರು. ಮುಂದಕ್ಕೆ ಹೋಗುವುದೆಲ್ಲ ಸತ್ತಿತ್ತು, ಹಿಂದಕ್ಕೆ ಹೋಗುವುದೊಂದು ಉಳಿದಿತ್ತು. ಸರಿ, ಹಿಮ್ಮುಖವಾಗಿಯೇ ಹೊರಟೆವು. ನಾನು ಹಿಂದೆ ಗಂಟುಗಳ ಮೇಲೆ ಮಗಳನ್ನು ಹಿಡಿದು ಕೂತಿದ್ದೆ, ಹಾಗಾಗಿ ಮೆರವಣಿಗೆಗೆ ನಾನೇ ಮುಂದು. ಪಕ್ಕದಲ್ಲಿ ಹೋದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೇಳಿದ. "ಅಕ್ಕಾ, ಮನೆ ಖಾಲಿ ಮಾಡ್ತಿದ್ದೀರೋ, ವಾಪಸ್ ಇಡ್ತಿದ್ದೀರೋ?"

ಜರಗನಹಳ್ಳಿಯ ಮನೆಯ ಮುಂದೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಗಾಡಿಯ ಹಿಂಭಾಗ ತಮ್ಮ ಕಡೆಗೆ ಬರುವುದನ್ನು ಕಂಡು "ನಿಲ್ಸೋ!" ಎಂದು ಕೂಗಿದರು. "ಬಾಳೋಕೆ ಬರೋರು ಬೆನ್ನು ತೋರಿಸ್ಕೊಂಡು ಬರ್ತಾರಾ? ತಿರುಗಿಸ್ಕೊಂಡು ಬಾ."

ಇವರು ತಾಯಿಯ ಮಾತು ಮೀರದ ಮಗ. ಇಟ್ಟಿಗೆ ಗೂಡಿನ ಅಂಗಳದಲ್ಲಿ ಹಿಂದೆ ಹಿಂದೆಯೇ ಅರ್ಧ ಸುತ್ತು ಹಾಕಿ ಗಾಡಿಯ ಮುಖವನ್ನು ಮನೆಯ ಕಡೆಗೆ ಮಾಡಿದರು. ಮುಂದಕ್ಕೆ ಹಾಕಿದರು, ಕಿರುಚಿತು. ಕಡ್ಡಿ ಅಲುಗಾಡಿಸಿದರು. ಗಾಡಿ ಹಿಂದಕ್ಕೆ ಹೋಯಿತು. ಬಾಗಿಲಿಂದ ಇಟ್ಟಿಗೆ ರಾಶಿಯ ತನಕ ಹೋಯಿತು. "ಇನ್ನೊಂದ್ ಸಲ" ಎಂದರು ಅತ್ತೆ. ಇಟ್ಟಿಗೆ ರಾಶಿಯಿಂದ ಬಾವಿಯ ತನಕ. "ಇನ್ನೊಂದ್ ಸಲ ನೋಡೋ." ಬಾವಿಯಿಂದ ರಸ್ತೆಯ ತನಕ. ಮುಖ ಮಾತ್ರ ಮನೆಯ ಕಡೆಗೇ ಇತ್ತು. ಗರ್ಭಗುಡಿಯ ಮುಂದಿಂದ ಬೆನ್ನು ತೋರಿಸದೆ ಹೊರಡುವ ಭಕ್ತರ ಹಾಗೆ ನಾವು ಅತ್ತೆಯ ಮನೆಯಿಂದ ದೂರ ಹೋಗುತ್ತಿದ್ದೆವು.

ಭಾವಂದಿರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಇರಮ್ಮ, ತಳ್ತೀವಿ." ತಳ್ಳಿದರೆ ನಾನು ನೇರ ಒರಳಿನ ಮುಂದೆ.

"ಬೇಡ" ಎಂದರು ಅತ್ತೆ. "ಸಂಸಾರಾನ ತಳ್ಕೊಂಡು ಒಳಗೆ ತರಬಾರದು. ರಾಹುಕಾಲ ಬೇರೆ ಬಂತು. ಇನ್ನು ಶ್ರಾವಣಕ್ಕೇ." ಹಚ್ಚಿದ ಆರತಿ ಹಾಳಾಗಬಾರದೆಂದು ಗಾಡಿಯ ಮೂತಿಗೇ ಎತ್ತಿ ಕೆಂಪು ನೀರು ಚೆಲ್ಲಿದರು. ಅದರ ಪಕ್ಕದಲ್ಲಿ ಗಾಡಿಯೂ ತನ್ನದಷ್ಟು ಚೆಲ್ಲಿತು.

ಹಿಂದೆ ಹಿಂದೆಯೇ ನಮ್ಮ ಮನೆ ಸೇರಿದೆವು. ಸ್ಟೋವನ್ನು ಮೊದಲು ಬಿಚ್ಚಿದೆ. ಆ ಆಷಾಢದಲ್ಲಿ ಮೇಸ್ತ್ರಿ ತಾನೇ ಬಂದು ಕೇಳಿದ. "ಅಕ್ಕಾ, ಪುಸ್ತಕದಲ್ಲಿ ಏನಿತ್ತು, ಇನ್ನೊಂದ್ ಸಲ ಹೇಳಿ." ಪುಸ್ತಕ ಈಗ ಬೇಡ, ಆ ಪೆಟ್ಟಿಗೇನೇ ಕಿತ್ತು ಎಸೆಯಿರಿ ಎಂದೆ. ಹಳೇ ಲಾರಿಯೊಂದರ ಗೇರು, ಕ್ಲಚ್ಚು ಎರಡನ್ನೂ ತಂದು ಕೂರಿಸಿದ. ಗಾಡಿ ಓಡಿತು, ಇವತ್ತಿಗೂ ಓಡುತ್ತಿದೆ. ಕೋಣನಕುಂಟೆಯವರೂ ಹಾಗೇ ಮಾಡಿಸಿಕೊಂಡರು.

ಶ್ರಾವಣದಲ್ಲಿ ಜರಗನಹಳ್ಳಿಗೆ ಮುಖ ತೋರಿಸಿಕೊಂಡೇ ಹೋದೆವು. ಅತ್ತೆ ಗಾಡಿಯ ಹಿಂದೆ ಹೋಗಿ ಇಣುಕಿದರು. ಒಂದು ಬಾಳೆಹಣ್ಣಿನ ಚಿಪ್ಪು ಬಿಟ್ಟರೆ ಏನೂ ಇರಲಿಲ್ಲ.

"ಮುಂದಕ್ಕೆ ಬಂತಲ್ಲ, ಸಾಮಾನೆಲ್ಲಿ?"

"ಸಾಮಾನು ಮನೇಲಿದೆ ಅತ್ತೆ. ಅವತ್ತು ನಿಮ್ಮ ಶಾಸ್ತ್ರವೇ ನಮ್ಮನ್ನ ಉಳಿಸ್ತು" ಅಂದೆ.

ಅತ್ತೆ ಬಾಳೆಹಣ್ಣು ಎತ್ತಿಕೊಂಡು ಒಳಗೆ ಹೊರಟರು. "ಶಾಸ್ತ್ರ ಎಲ್ಲಿ ಬಂತು? ಗಾಡಿ ಮೇಲೆ ಕೂತು ಬರ್ತಿದ್ದ ನಿನ್ನ ಊದಿದ ಮೂತಿ ನೋಡ್ದೆ. ಈ ಮನೆಗೆ ರುಬ್ಬೋ ಕಲ್ಲು ಒಂದೇ ಸಾಕು ಅನ್ನಿಸ್ತು."