ನಡುಮನೆಯ ಎರಡು ಕಂಬಗಳು

ಎಲ್ಲ ರಗಳೆಗೂ ಮೂಲ ಶೌಚಾಲಯದ ಗೋಡೆಯ ಒಂದು ಮೊಳೆ.

ಆ ಮೊಳೆಗೆ, ಡೆವೆಂಟರ್ ಊರಿನ ಎಲ್ಲ ಮನೆಗಳಲ್ಲಿರುವಂತೆ, ನೆಂಟರಿಷ್ಟರ ಹುಟ್ಟುಹಬ್ಬಗಳನ್ನು ಬರೆದಿಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. ಮನುಷ್ಯ ದಿನಕ್ಕೊಮ್ಮೆಯಾದರೂ ನೆಮ್ಮದಿಯಾಗಿ ಕೂತು ಎದುರಿನ ಗೋಡೆ ನೋಡುವ ಜಾಗ ಅದೊಂದೇ ತಾನೆ? ಹಾರ್ಮೆನ್ ನಡುಮನೆಯಲ್ಲಿ ಹೊಸ ಸ್ಪೀಕರ್ ಹಚ್ಚಿದಾಗಲೆಲ್ಲ ಈ ಕ್ಯಾಲೆಂಡರ್ ಗೋಡೆಗೆ ಬಡಿದುಕೊಂಡು ಟರ್ರ್ ಎನ್ನುತ್ತಿತ್ತು. ಕೆಲವು ದಿನ ಸಹಿಸಿದ. ಆಮೇಲೆ ರೇಗಿಹೋಗಿ ಅದನ್ನು ಕಿತ್ತು ಬಟ್ಟೆ ಒಗೆಯುವ ಯಂತ್ರದ ಹಿಂದೆ ತುರುಕಿದ. ಅದರ ಜೊತೆಗೆ ಹುಟ್ಟುಹಬ್ಬಗಳೂ ಅವನ ತಲೆಯಿಂದ ಹೊರಟುಹೋದವು.

ಸ್ಪೀಕರ್ ಎಂದರೆ ಮೇಜಿನ ಮೇಲಿಡುವ ಡಬ್ಬಿಗಳಲ್ಲ. ನೆಲದ ಮೇಲೆ ಎದೆಮಟ್ಟಕ್ಕೆ ನಿಲ್ಲುವ ಎರಡು ಕಂಬಗಳು. ಒಂದನ್ನು ಎತ್ತಲು ಇಬ್ಬರು ಬೇಕು. ಹೆಂಡತಿ ಫೆನ್ನಾ ರಜೆಗೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ, ಕ್ಯಾರವಾನ್, ಕೊಳ್ಳಲೆಂದು ಕೂಡಿಸಿದ್ದ ದುಡ್ಡಿನ ಮೇಲೆ ಕಣ್ಣಿಟ್ಟು, ಒಂದು ತಿಂಗಳು ಕೇಳಿ ನೋಡುತ್ತೇನೆಂದು ಅಂಗಡಿಯಿಂದ ತಂದಿದ್ದ. ಬೇಡವೆನಿಸಿದರೆ ವಾಪಸು ಕೊಡಬಹುದಿತ್ತು.

ಗ್ರಹಚಾರ ನೋಡಿ. ಅಂಗಡಿಯ ದಪ್ಪ ಜಮಖಾನದ ಕೋಣೆಯಲ್ಲಿ ರೇಷ್ಮೆಯಂತೆ ಹಾಡಿದ್ದ ಕಂಬಗಳು ಮನೆಗೆ ಬಂದ ಕೂಡಲೇ ತೊಟ್ಟಿಗೆ ಚಮಚ ಸುರಿದ ಹಾಗೆ ಕಿರುಚತೊಡಗಿದವು. ಮುಂದೆ ಬೀದಿಗೆ ಮುಖ ಮಾಡಿದ ದೊಡ್ಡ ಗಾಜು, ಹಿಂದೆ ಅಂಗಳಕ್ಕೆ ಗಾಜಿನ ಬಾಗಿಲು, ಪರದೆಯಿಲ್ಲ, ಬರೀ ಮರದ ನೆಲ. ಹಾರ್ಮೆನ್ ಕಂಬಗಳನ್ನು ಬೆರಳಷ್ಟು ಬೆರಳಷ್ಟೇ ಸರಿಸಿದ, ತಿರುಗಿಸಿದ, ನೆಲಕ್ಕೆಲ್ಲ ಟೇಪು ಅಂಟಿಸಿದ. ಎದುರಿಗೆ ಅಳೆದು ಸುರಿದು ಒಂದೇ ಒಂದು ಕುರ್ಚಿ ಇಟ್ಟ. ಅದರಲ್ಲಿ ಅವನು ಬಿಟ್ಟರೆ ಇನ್ನೊಬ್ಬರು ಕೂರುವಂತಿರಲಿಲ್ಲ.

ಪಕ್ಕದ ಮನೆಯ ಕ್ನೆಲಿಸ್ ದಿನಾ ಬೇಲಿಯ ಮೇಲಿಂದ ಕತ್ತು ಚಾಚುತ್ತಿದ್ದ. "ಏನಪ್ಪಾ ಹಾರ್ಮೆನ್, ದುಂ ದುಂ ಎಲ್ಲಾ ನಮ್ಮ ಅಡುಗೆಮನೆಗೆ ಬರ್ತಿದೆ. ಹಾಡನ್ನೂ ಸ್ವಲ್ಪ ಈ ಕಡೆ ಕಳ್ಸು ಮಾರಾಯಾ!"

ತಿಂಗಳು ಮುಗಿಯುತ್ತ ಬಂದಾಗ ಫೆನ್ನಾ ತೀರ್ಪು ಕೊಟ್ಟಳು. "ನಿನ್ನ ಆ ಸಂಗೀತದ ಕೂಟದ ಅಧ್ಯಕ್ಷರು ಇದ್ದಾರಲ್ಲ, ಓಸ್ಟರ್‌ಹಾಫ್, ಅವ್ರನ್ನೇ ಕರ್ಸು. ಅವ್ರು ಚೆನ್ನಾಗಿದೆ ಅಂದ್ರೆ ಇಟ್ಕೋ, ನಾನು ಉಸಿರೆತ್ತಲ್ಲ. ಇಲ್ಲಾಂದ್ರೆ ಸೋಮವಾರ ಇವೆರಡೂ ವಾಪಸ್ ಅಂಗಡಿಗೆ, ಆ ದುಡ್ಡಿಗೆ ಕ್ಯಾರವಾನ್."

"ಶನಿವಾರ ಬರ್ತೀನಿ ಅಂದಿದಾರೆ."

"ಶನಿವಾರಾನಾ?" ಫೆನ್ನಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಸರಿ, ಬರ್ಲಿ."

ಆ ನೋಟದಲ್ಲಿ ಏನೋ ಇದೆ ಎಂದು ಯಾವ ಗಂಡನಿಗಾದರೂ ಹೊಳೆಯಬೇಕಿತ್ತು. ಹಾರ್ಮೆನ್‌ಗೆ ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ಅವನು ಕಂಬಗಳ ಧೂಳು ಒರೆಸಿ, ಕುರ್ಚಿಯನ್ನು ಟೇಪಿನ ಗುರುತಿಗೆ ಕೂರಿಸುತ್ತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ಓಸ್ಟರ್‌ಹಾಫ್ ಎಂದು ಓಡಿ ತೆಗೆದರೆ, ಅತ್ತೆ ಯಾಂಟಿನಾ ಹೂಗುಚ್ಛ ಹಿಡಿದು ನಿಂತಿದ್ದರು. ಹಿಂದೆ ಮಡಚುವ ಕುರ್ಚಿಗಳನ್ನು ಹೊತ್ತ ಇಬ್ಬರು ನಾದಿನಿಯರು, ಅವರ ಗಂಡಂದಿರು.

"ಶುಭಾಶಯ ಕಣಪ್ಪಾ!" ಎಂದು ಅತ್ತೆ ಅವನ ಎರಡೂ ಕೆನ್ನೆಗೆ ಸದ್ದಾಗುವಂತೆ ಮುತ್ತಿಟ್ಟರು.

ಹೆಂಡತಿಯ ಹುಟ್ಟುಹಬ್ಬಕ್ಕೆ ಗಂಡನಿಗೂ ಶುಭಾಶಯ ಹೇಳುವುದು ಅಲ್ಲಿನ ವಾಡಿಕೆ. ಹಾರ್ಮೆನ್‌ನ ತಲೆಯಲ್ಲಿ ಮಾತ್ರ ಸ್ಪೀಕರ್ ಬಿಟ್ಟು ಬೇರೇನಿರಲಿಲ್ಲ.

"ಇನ್ನೂ ಶುಭಾಶಯ ಹೇಳೋ ಹಾಗಿಲ್ಲ ಅತ್ತೆ," ಎಂದ ನಾಚಿಕೊಂಡು. "ಇಟ್ಕೊಳ್ಳೋದೋ ವಾಪಸ್ ಕಳ್ಸೋದೋ ಇವತ್ತು ತೀರ್ಮಾನ ಆಗ್ಬೇಕು."

ಅತ್ತೆಯ ಹೂಗುಚ್ಛ ಅಲ್ಲಾಡಿತು. "ಏನಂದೆ?"

"ನೋಡೋಕೇನೋ ಚೆಂದ. ಆದ್ರೆ ಮನೇಲಿ ಧ್ವನಿ ಬಹಳ ಕರ್ಕಶ ಅತ್ತೆ. ಮೇಲಿನ ಸ್ವರಕ್ಕೆ ಹೋದ್ರೆ ಕಿವಿ ಹರ್ದು ಹೋಗತ್ತೆ. ಎಲ್ಲಿ ನಿಲ್ಲಿಸಿದ್ರೂ ಅಷ್ಟೇ. ಅದಕ್ಕೇ ತಿಳಿದವ್ರೊಬ್ರನ್ನ ಕರ್ಸಿದೀನಿ, ಬಂದು ನೋಡ್ಲಿ ಅಂತ."

"ಫೆನ್ನಾ!" ಎಂದು ಅತ್ತೆ ಕೂಗಿದ ಕೂಗಿಗೆ ಕ್ನೆಲಿಸ್ ತನ್ನ ಮನೆಯಿಂದ ಮನೆಯೊಳಗಿನ ಮೆತ್ತನೆ ಚಪ್ಪಲಿಯಲ್ಲೇ ಓಡಿಬಂದ.

ಫೆನ್ನಾ ಬಣ್ಣದ ಕಾಗದದ ತೋರಣ ಹಿಡಿದು ಮೆಟ್ಟಿಲಿಳಿದು ಬಂದಳು. ತೋರಣ ನೋಡಿದ ಕ್ಷಣ ಹಾರ್ಮೆನ್‌ಗೆ ಇವತ್ತು ಯಾವ ದಿನವೆಂದು ಹೊಳೆಯಿತು.

"ಸ್ಪೀಕರ್ ವಿಷ್ಯ ಅಮ್ಮಾ, ನನ್ನ ವಿಷ್ಯ ಅಲ್ಲ," ಎಂದಳು ಫೆನ್ನಾ. "ನನ್ನ ಹುಟ್ಟುಹಬ್ಬ ಇವನ ನೆನಪಲ್ಲೇ ಇಲ್ಲ. ಕ್ಯಾಲೆಂಡರ್ ಬಟ್ಟೆ ಯಂತ್ರದ ಹಿಂದೆ ಬಿದ್ದಿತ್ತು. ಈಗಷ್ಟೇ ಮತ್ತೆ ಮೊಳೆಗೆ ನೇತು ಹಾಕಿದೀನಿ. ಯಾವತ್ತು ನೆನಪಾಗತ್ತೋ ನೋಡೋಣ ಅಂತ ಸುಮ್ನಿದ್ದೆ."

"ಫೆನ್ನಾ, ಇವತ್ತು ಓಸ್ಟರ್‌ಹಾಫ್..."

"ಬರ್ಲಿ ಅಂದೆನಲ್ಲ. ಬರ್ಲಿ."

ಕಾಲು ಗಂಟೆಯೊಳಗೆ ನಡುಮನೆ ಜಾತ್ರೆಯಾಯಿತು. ವಾಡಿಕೆಯಂತೆ ಗೋಡೆಯ ಸುತ್ತ ಕುರ್ಚಿಗಳು ವೃತ್ತಾಕಾರವಾಗಿ ಬಿಚ್ಚಿಕೊಂಡವು. ನಡುಮನೆಯ ಸೋಫಾ ಬಹಳ ತಗ್ಗು, ಮಂಡಿ ನೋವು ಎಂದು ಅತ್ತೆ ಟೇಪಿನ ಗುರುತಿನ ಕುರ್ಚಿಯಲ್ಲೇ ಕೂತರು. ಬಾಗಿಲ ಬಳಿ ಕೋಟು ನೇತುಹಾಕುವ ಗೂಟಗಳು ತುಂಬಿದ್ದರಿಂದ ಉಣ್ಣೆಯ ಕೋಟುಗಳೆಲ್ಲ ಕಂಬಗಳ ಹಿಂದಿನ ಗೋಡೆಗೆ ರಾಶಿ ಬಿದ್ದವು. ಚಿಕ್ಕಮ್ಮಂದಿರು, ಚಿಕ್ಕಪ್ಪಂದಿರು ಬರುತ್ತಲೇ ಇದ್ದರು. ಹಾರ್ಮೆನ್ ಅಂಗಲಾಚಿದ, "ಅದರ ಮೇಲೆ ಹೂದಾನಿ ಇಡ್ಬೇಡಿ. ಕ್ನೆಲಿಸ್, ಅದಕ್ಕೆ ಒರಗ್ಬೇಡ. ಅದು ಪೀಠೋಪಕರಣ ಅಲ್ಲ!"

"ಮತ್ತೇನಿದು? ಒರಗೋಕೆ ಸರಿಯಾಗಿ ಇದೆಯಲ್ಲ," ಎಂದ ಕ್ನೆಲಿಸ್. "ನಿನಗೆ ಮೊದ್ಲೇ ಹೇಳಿದ್ದೆ, ಒಂದು ಸಣ್ಣ ರೇಡಿಯೋ ತಗೋ ಅಂತ."

ಅಷ್ಟರಲ್ಲಿ ಓಸ್ಟರ್‌ಹಾಫ್ ಬಂದರು. ತೆಳ್ಳಗಿನ, ಬಿಗಿ ಮುಖದ ಮನುಷ್ಯ. ಬಗಲಲ್ಲಿ ತಮ್ಮದೇ ಡಿಸ್ಕುಗಳ ಚೀಲ. ಊರಿನ ಎಷ್ಟೋ ಜನ ಅವರ ಒಂದು ಹುಬ್ಬು ಮೇಲೇರಿದ್ದಕ್ಕೇ ಸಾವಿರಾರು ಯೂರೋ ಬೆಲೆಯ ಸಾಮಾನು ಮಾರಿಬಿಟ್ಟಿದ್ದರು.

"ಬನ್ನಿ ಬನ್ನಿ, ಯಾರ ಕಡೆಯವ್ರು ನೀವು?" ಅತ್ತೆ ಕೂತಲ್ಲಿಂದಲೇ ಕೇಳಿದರು. "ಮೊದ್ಲು ಎಲ್ರ ಕೈಕುಲುಕಿ. ಆ ಕೊನೆಯಿಂದ ಶುರು ಮಾಡಿ."

ಓಸ್ಟರ್‌ಹಾಫ್ ತಪ್ಪಿಸಿಕೊಳ್ಳಲಾಗಲಿಲ್ಲ. ವೃತ್ತದ ಒಬ್ಬೊಬ್ಬರ ಕೈಯನ್ನೂ ಕುಲುಕಿ, ಫೆನ್ನಾಳ ಹುಟ್ಟುಹಬ್ಬದ ಶುಭಾಶಯ ಅಂದರು. ಕೈಗೆ ಕಾಫಿ ಬಂತು, ಒಂದು ತುಂಡು ಸೇಬಿನ ಕೇಕು ಬಂತು. ಇಬ್ಬರು ಚಿಕ್ಕಮ್ಮಂದಿರ ನಡುವೆ ಸಿಕ್ಕಿ, ಒಬ್ಬಾಕೆಯ ಮಂಡಿ ಆಪರೇಷನ್ನನ್ನು ಮೊದಲಿನಿಂದ ಕೊನೆತನಕ ಕೇಳಿದರು. ಹಾರ್ಮೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆವರಿದ. ಇಷ್ಟು ವರ್ಷ ಕಾದು ತಂದ ಕಂಬಗಳು ಹುಟ್ಟುಹಬ್ಬದ ಗದ್ದಲದಲ್ಲಿ ಮಣ್ಣುಪಾಲಾಗುವುದನ್ನು ನೆನೆದರೆ ಅಳು ಬರುವಂತಿತ್ತು.

ಕಡೆಗೆ ಓಸ್ಟರ್‌ಹಾಫ್ ತಟ್ಟೆ ಕೆಳಗಿಟ್ಟು, "ಇದನ್ನ ಹಾಕಿ," ಎಂದು ಒಂದು ಡಿಸ್ಕ್ ಚಾಚಿದರು. ದನಿಯಲ್ಲಿ ಅಂತ್ಯಕ್ರಿಯೆಯ ಗಾಂಭೀರ್ಯವಿತ್ತು.

ಹಾರ್ಮೆನ್ ಹಾಕಿದ. ಚಮಚಗಳು ಸುರಿಯುವುದನ್ನೇ ಕಾಯುತ್ತ ಕಣ್ಣು ಮುಚ್ಚಿದ.

ಚಮಚ ಸುರಿಯಲಿಲ್ಲ. ಪಿಟೀಲೊಂದು ಮೆಲ್ಲನೆ ಎದ್ದು, ಕೋಟುಗಳ ರಾಶಿಯ ಮುಂದೆ ಯಾರೋ ನಿಂತು ನುಡಿಸುತ್ತಿರುವಂತೆ ಹರಿದು ಬಂತು. ಆಮೇಲೆ ಒಬ್ಬಾಕೆ ಹಾಡಿದಳು. ಅವಳು ಉಸಿರು ತೆಗೆದುಕೊಂಡದ್ದೂ ಕೇಳಿತು. ಮಂಡಿಯ ಚಿಕ್ಕಮ್ಮ ಬಾಯಿ ಮುಚ್ಚಿದರು. ಕ್ನೆಲಿಸ್ ಒರಗಿದ್ದ ಕೈ ತೆಗೆದ. ಹಾರ್ಮೆನ್ ಕಣ್ಣು ತೆರೆದ. ಅಂಗಡಿಯಲ್ಲಿ ಕೇಳಿದ್ದು ಇದೇ, ಒಂದು ತಿಂಗಳು ಹುಡುಕಿ ಹುಡುಕಿ ಸೋತದ್ದು ಇದನ್ನೇ.

"ಯಾರೂ ಅಲ್ಲಾಡ್ಬೇಡಿ!" ಎಂದು ಓಸ್ಟರ್‌ಹಾಫ್ ಎದ್ದು ನಿಂತರು. ಒಂದು ತೆಕ್ಕೆ ಕೋಟು ಎತ್ತಿ ಹೊರಗೆ ಹಾಕಿಸಿದರು. ಹಾಡು ಕಿರ್ರೆಂದಿತು. ಮತ್ತೆ ತರಿಸಿದರು, ಮೆದುವಾಯಿತು. ಚಿಕ್ಕಪ್ಪಂದಿರನ್ನು ಅಂಗಳಕ್ಕೆ ಕಳಿಸಿದರು, ಕಿರ್ರೆಂದಿತು. ಒಳಗೆ ಕರೆದರು.

"ಗೊತ್ತಾಯ್ತಾ?" ಎಂದರು ಹಾರ್ಮೆನ್ ಕಡೆ ತಿರುಗಿ. "ಸ್ಪೀಕರಲ್ಲಿ ದೋಷ ಇಲ್ಲ. ಖಾಲಿ ಗಾಜಿನ ಪೆಟ್ಟಿಗೇಲಿ ನಿಲ್ಸಿದ್ರೆ ಕಿರುಚದೆ ಏನು ಮಾಡ್ತವೆ? ಸದ್ದು ಕುಡಿಯೋಕೆ ಮೆತ್ತನೆಯ ವಸ್ತು ಬೇಕು. ನಿಮ್ಮ ಅತ್ತೆಯವ್ರಂತೂ ಸರಿಯಾದ ಜಾಗದಲ್ಲಿ ಕೂತಿದಾರೆ. ಇಂಥ ಧ್ವನಿ ಈ ಊರಲ್ಲಿ ನಾನು ಬೇರೆಲ್ಲೂ ಕೇಳಿಲ್ಲ."

"ಅಂದ್ರೆ ಚೆನ್ನಾಗಿದೆ ಅಂದ್ರಲ್ಲ! ಫೆನ್ನಾ, ಕೇಳಿಸ್ತಾ? ಚೆನ್ನಾಗಿದೆ ಅಂದ್ರು!"

"ಕೇಳಿಸ್ತು," ಎಂದಳು ಫೆನ್ನಾ. "ಮಾತು ಮಾತೇ. ಇಟ್ಕೋ."

"ಪರದೆ, ಜಮಖಾನ ಹಾಕಿದ್ರೆ ಆಯ್ತಲ್ಲ?" ಹಾರ್ಮೆನ್ ಆಸೆಯಿಂದ ಕೇಳಿದ.

"ಪರದೆಯಾ? ಈ ಬೀದೀಲಿ ಯಾರೂ ಪರದೆ ಎಳ್ಯಲ್ಲ, ಒಳಗೇನು ನಡೀತಿದೆ ಅಂತ ಜನ ಆಡ್ಕೋತಾರೆ. ಜಮಖಾನ ಹಾಕಿದ್ರೆ ನನಗೆ ಸೀನು," ಎಂದಳು ಫೆನ್ನಾ. "ಜನಾನೇ ಬರ್ಲಿ ಬಿಡು."

"ಪ್ರತಿ ಶನಿವಾರ ಬರ್ತೀವಿ ಕಣಪ್ಪಾ," ಎಂದರು ಅತ್ತೆ. "ಈ ಕುರ್ಚಿ ನನ್ನ ಮಂಡಿಗೆ ಬಹಳ ಹಿಡಿಸ್ತು."

"ನಮ್ಮ ಕೂಟಾನೂ ಇನ್ಮುಂದೆ ಇಲ್ಲೇ ಸೇರ್ಲಿ," ಎಂದರು ಓಸ್ಟರ್‌ಹಾಫ್. "ಈಗ ಕೂತಿರೋ ಹಾಗೇ ಎಲ್ರೂ ಕೂರ್ಬೇಕು, ಅಷ್ಟೇ." ಡಿಸ್ಕನ್ನು ಮತ್ತೆ ಮೊದಲಿನಿಂದ ಹಚ್ಚಿ, ಕಿವಿಗೊಟ್ಟು, ಹುಬ್ಬು ಏರಿಸಿದರು. "ಒಂದೇ ಒಂದು ಕೊರತೆ. ಎಡಗಡೆ ಸ್ವಲ್ಪ ಮಂಕು. ಅಲ್ಲಿ ಒಬ್ರು ಹೆಚ್ಚಾಗಿದಾರೆ."

ಎಲ್ಲರೂ ಎಡಕ್ಕೆ ತಿರುಗಿದರು. ಅಲ್ಲಿ, ಕುರ್ಚಿಯಿಲ್ಲದೆ, ಎಡಗಡೆಯ ಕಂಬದ ಪಕ್ಕ ನಿಂತಿದ್ದವನು ಹಾರ್ಮೆನ್ ಒಬ್ಬನೇ.

"ಸ್ವಲ್ಪ ಆಚೆ ಹೋಗ್ತೀರಾ?" ಓಸ್ಟರ್‌ಹಾಫ್ ಬಹಳ ವಿನಯದಿಂದ ಕೇಳಿದರು.

ಹಾರ್ಮೆನ್ ಮುಂಬಾಗಿಲ ಒಳಗಿನ ಓಣಿಗೆ ಹೋದ. ಹಿಂದೆ ಬಾಗಿಲು ಮುಚ್ಚಿತು. ಒಳಗಿನಿಂದ ಒಕ್ಕೊರಲಿನ "ಆಹಾ!" ಕೇಳಿತು. ಓಣಿಯಲ್ಲಿ ಕೂರಲು ಒಂದು ಮಣೆಯೂ ಇರಲಿಲ್ಲ. ಅವನು ಶೌಚಾಲಯ ಹೊಕ್ಕು, ಮುಚ್ಚಳ ಹಾಕಿಕೊಂಡು ಕೂತ. ಹಾಡೆಲ್ಲ ನಡುಮನೆಯಲ್ಲೇ ಉಳಿದಿತ್ತು. ಗೋಡೆ ದಾಟಿ ಅವನ ಪಾಲಿಗೆ ಬಂದದ್ದು ದುಂ ದುಂ ಮಾತ್ರ. ಎದುರಿಗೆ ಮೊಳೆಯ ಮೇಲೆ ಕ್ಯಾಲೆಂಡರ್ ಟರ್ರ್ ಎಂದು ನಡುಗುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಫೆನ್ನಾ.

"ಹಾರ್ಮೆನ್, ಹೇಗೂ ಅಲ್ಲೇ ಇದೀಯಲ್ಲ, ಆ ಕ್ಯಾಲೆಂಡರನ್ನ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಂಡಿರು. ಅದರ ಟರ್ರ್ ಒಳಗಡೆ ಕೇಳಿಸ್ತಿದೆ ಅಂತಿದಾರೆ ಓಸ್ಟರ್‌ಹಾಫ್."