ಅತ್ತೆಗೆ ಒಪ್ಪುವ ಜಾಂಬಿಗಳು

ಮನೆಯಲ್ಲಿ ಜಗಳವಿದ್ದರೆ ಹೇಗೋ ಸಹಿಸಬಹುದು, ಮರ್ಯಾದೆ ವಿಪರೀತವಾದರೆ ಉಸಿರು ಕಟ್ಟುತ್ತದೆ. ನಾನೂ ನಮ್ಮ ಅತ್ತೆಯೂ ಮುದ್ದೇಬಿಹಾಳದ ಒಂದೇ ಮನೆಯಲ್ಲಿ ಹತ್ತೊಂಬತ್ತು ವರ್ಷ ಅಂಥ ಮರ್ಯಾದೆಯಲ್ಲಿ ಬದುಕಿದೆವು. ಬೆಳಿಗ್ಗೆ ಅವರು "ಸಾಲಿಗೆ ಹೊಂಟಿ?" ಎನ್ನುವರು, ನಾನು "ಹೌದ್ರಿ" ಎನ್ನುವೆ. ಸಂಜೆ "ಬಂದಿ?" ಎನ್ನುವರು, "ಬಂದೇನ್ರಿ" ಎನ್ನುವೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮ ಮಾತುಕತೆಗೆ ಸೂತ್ರ ಬರೆಯುವುದು ಬಹಳ ಸುಲಭವಿತ್ತು. ಆಲಮಟ್ಟಿಗೆ ಕಾಲುವೆ ಕೆಲಸಕ್ಕೆ ಹೋಗಿಬರುವ ನನ್ನ ಗಂಡ, ನನ್ನ ಮುಂದೆ ಅವ್ವನನ್ನೂ ಅವ್ವನ ಮುಂದೆ ನನ್ನನ್ನೂ ಹೊಗಳಿ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ಈ ಮೌನವನ್ನು ಮುರಿದದ್ದು ಹೆಣಗಳು. ನನಗೊಂದು ಚಟವಿದೆ, ಹೇಳಿಕೊಳ್ಳಲು ನಾಚಿಕೆ. ಫೋನಿನಲ್ಲಿ ಜಾಂಬಿ ಆಟ ಆಡುತ್ತೇನೆ. ಸತ್ತವರೆಲ್ಲ ಎದ್ದು ಓಡಾಡುತ್ತಿರುತ್ತಾರೆ, ಬದುಕಿ ಉಳಿದವರು ಖಾಲಿ ಮನೆಗಳನ್ನು ಹೊಕ್ಕು ಕಾಳು, ನೀರು, ಗುಳಿಗೆ ಹುಡುಕಿ ಜೀವ ಹಿಡಿದುಕೊಳ್ಳಬೇಕು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಹಾಗೆ ಆಡುತ್ತಿದ್ದಾಗ ಬೆನ್ನ ಹಿಂದಿನಿಂದ ಅತ್ತೆ ಕೂಗಿದರು: "ಎಡಕ್ಕ ನೋಡ ಸುನಂದಾ, ಎಡಕ್ಕ! ಗ್ವಾಡಿ ಹಿಂದಿಂದ ಒಂದು ಬರಾಕತ್ತೈತಿ!" ಮದುವೆಯಾದ ಮೇಲೆ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು. ನನಗೆ ಜಾಂಬಿಗಿಂತ ಅದೇ ಹೆಚ್ಚು ದಿಗಿಲು ಹುಟ್ಟಿಸಿತು.

ವಾರದೊಳಗೆ ಅವರ ಫೋನಿಗೂ ಆಟ ಹಾಕಿಕೊಟ್ಟೆ, ಜೋಡಿಯಾಗಿ ಆಡತೊಡಗಿದೆವು. ಅವರ ಆಟದ ರೀತಿಯೇ ಬೇರೆ. ಖಾಲಿ ಮನೆಯ ಒಳಗೆ ಹೋಗುವ ಮುಂಚೆ "ಯಾರದಾರ್ರಿ ಮನ್ಯಾಗ?" ಎಂದು ಫೋನಿಗೆ ಕೇಳುವರು. ನಮ್ಮ ಅಡಗುದಾಣದ ತಲಬಾಗಿಲನ್ನು ಹಾಕಗೊಡುತ್ತಿರಲಿಲ್ಲ. "ಹಗಲ ಹೊತ್ತಿನ್ಯಾಗ ಬಾಗಲಾ ಹಾಕಿದ್ರ ಒಳಗ ಯಾರೋ ಸತ್ತಾರ ಅಂತ ಮಂದಿ ತಿಳೀತಾರ" ಎನ್ನುವರು. ಆ ಊರಲ್ಲಿ ಸಾಯದವರು ನಾವಿಬ್ಬರೇ ಎಂದು ನಾನು ಎದುರಾಡಲಿಲ್ಲ. ಒಂದು ದಿನ ಆಟದೊಳಗಿನ ಬೀದಿಯಲ್ಲಿ ನಡೆಯುತ್ತ, "ಹಳೇ ಕೊಲ್ಹಾರ ಆಲಮಟ್ಟಿ ಡ್ಯಾಮಿನ ನೀರಾಗ ಹೋಗೂ ಮುಂದ ನಮ್ಮ ಓಣಿ ಮನಿಗಳೂ ಹಿಂಗ ಬಾಗಲಾ ತಕ್ಕೊಂಡ ಬಿದ್ದಿದ್ದುವು" ಎಂದರು. ಅಷ್ಟು ವರ್ಷದಲ್ಲಿ ತವರಿನ ಸುದ್ದಿಯನ್ನು ಅವರು ನನ್ನೆದುರು ಎತ್ತಿರಲಿಲ್ಲ. ನಾನು ಆಟ ಬಿಟ್ಟು ಅವರ ಮುಖ ನೋಡಿದೆ. ಅಷ್ಟರಲ್ಲಿ ಒಂದು ಜಾಂಬಿ ನನ್ನ ಕಾಲಿಗೆ ಬಾಯಿ ಹಾಕಿತು.

ಅಂಥ ಆಟ ಒಂದು ಮುಂಜಾನೆ ತೆರೆಯಲೇ ಇಲ್ಲ. ಅದನ್ನು ಮಾಡಿದವರು ಎಲ್ಲೋ ಕುಳಿತು ಅದನ್ನು ನಿಲ್ಲಿಸಿಬಿಟ್ಟಿದ್ದರು. ಆ ಸಂಜೆ ಶಾಲೆಯಿಂದ ಬಂದಾಗ ಅತ್ತೆ "ಬಂದಿ?" ಎಂದರು. "ಬಂದೇನ್ರಿ" ಎಂದೆ. ಅಷ್ಟೇ. ಇನ್ನೊಂದು ಆಟ ಸಿಗದಿದ್ದರೆ ನಾವಿಬ್ಬರೂ ಹಳೆಯ ಮರ್ಯಾದೆಗೆ ಮರಳುವುದು ಖಂಡಿತವಿತ್ತು.

ಹುಡುಕಾಟ ಶುರುವಾಯಿತು. 'ಇದೇ ರೀತಿಯ ಆಟಗಳು' ಎಂದು ಫೋನು ತೋರಿಸಿದ್ದನ್ನೆಲ್ಲ ಇಳಿಸಿಕೊಂಡೆ. ಹೆಣ್ಣು ನೋಡಲು ಹೋದವರ ಹಾಗೆ ಅತ್ತೆ ಒಂದೊಂದಕ್ಕೂ ಕೊಂಕು ತೆಗೆದರು. ಮೊದಲನೆಯದರಲ್ಲಿ ಜಾಂಬಿಗಳು ಓಡುತ್ತಿದ್ದವು. "ಸತ್ತ ಮ್ಯಾಲೂ ಇವಕ್ಕ ಏನು ಅವಸರ?" ಎಂದು ತೆಗೆಸಿದರು. ಎರಡನೆಯದರಲ್ಲಿ ಬರೀ ಬಂದೂಕು. "ಮನಿ ಇಲ್ಲ ಮಠ ಇಲ್ಲ, ಬರೇ ಹೊಡದಾಟ" ಎಂದರು. ಮೂರನೆಯದರಲ್ಲಿ ಎರಡು ನಿಮಿಷಕ್ಕೊಮ್ಮೆ ಸೋಪಿನ ಜಾಹೀರಾತು ಬರುತ್ತಿತ್ತು, ಅದನ್ನು ಮಾತ್ರ ಪೂರ್ತಿ ನೋಡಿದರು.

ನಾಲ್ಕನೆಯದು ನಮ್ಮ ಹಳೆಯ ಆಟದ ಒಡಹುಟ್ಟಿನಂತಿತ್ತು. ನಿಧಾನದ ಹೆಣಗಳು, ಖಾಲಿ ಓಣಿಗಳು, ಕಾಳಿನ ಡಬ್ಬಿಗಳು. ಒಂದು ನಿಯಮ ಮಾತ್ರ ಹೊಸದು. ಹೊರಗಿದ್ದವರಿಗೆ ಜಾಂಬಿ ಕಚ್ಚಿದರೆ, ಒಳಗಿದ್ದವರು ಹತ್ತು ಸೆಕೆಂಡಿನೊಳಗೆ ಬಾಗಿಲು ಹಾಕಬೇಕು. ಹಾಕದಿದ್ದರೆ ಕಚ್ಚಿಸಿಕೊಂಡವರು ಜಾಂಬಿಯಾಗಿ ಒಳಗೆ ಬಂದು ಕಚ್ಚುತ್ತಾರೆ, ಇಬ್ಬರೂ ಹೋದಂತೆ. ಮೊದಲ ದಿನವೇ ನೀರು ತರಲು ಹೋದ ಅತ್ತೆಗೆ ಬಾವಿಕಟ್ಟೆಯಲ್ಲಿ ಕಚ್ಚಿತು. ಇಬ್ಬರು ಹೋಗುವುದಕ್ಕಿಂತ ಒಬ್ಬರು ಹೋಗುವುದು ಮೇಲು ಎಂಬುದು ಗಣಿತ. ಎರಡನೆಯ ಸೆಕೆಂಡಿಗೆ ಧಡ್ ಎಂದು ಬಾಗಿಲು ಹಾಕಿದೆ.

ಅತ್ತೆ ಕಣ್ಣಿನ ಚಾಳೀಸು ತೆಗೆದು ಮಡಚಿದರು. ಎದ್ದು ಅಡುಗೆಮನೆಗೆ ಹೋದರು. ಮುಂದೆ ಎರಡು ದಿನ "ಹೊಂಟಿ?", "ಬಂದಿ?" ಬಿಟ್ಟರೆ ಮಾತಿಲ್ಲ. ಬೀಗರಿಗೆ ಬಡಿಸಿದಂತೆ ನನ್ನ ರೊಟ್ಟಿಗೆ ಬೆಣ್ಣೆ ಹೆಚ್ಚು ಬೀಳತೊಡಗಿತು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಗಂಡ ಮೆಲ್ಲಗೆ, "ಅವ್ವ ಏನರ ಅಂದಳೇನು?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾದ್ರ ಭಾಳ ಸಿಟ್ಟಿಗೆ ಬಂದಾಳ" ಎಂದು ತಾವು ಆಲಮಟ್ಟಿಗೆ ಹೊರಟುಬಿಟ್ಟರು.

ಮೂರನೆಯ ದಿನ ಧೈರ್ಯ ಮಾಡಿ ಅವರ ಫೋನನ್ನು ಕೈಗೆ ಕೊಟ್ಟು, "ಒಂದು ಆಟ ಆಡೂಣ್ರಿ ಅತ್ಯಾರ" ಎಂದೆ. ಕುಳಿತರು. ಈ ಸಲ ನಾನೇ ಹೊರಗೆ ಹೋದೆ, ನನಗೇ ಕಚ್ಚಿತು. ಬಾಗಿಲ ಬಳಿ ಅವರು. ಸೆಕೆಂಡು ಇಳಿಯತೊಡಗಿದವು. ಒಂಬತ್ತು, ಎಂಟು, ಏಳು. "ಬಾಗಲಾ ಹಾಕ್ರಿ ಅತ್ಯಾರ! ಲಗೂನ ಹಾಕ್ರಿ, ನೀವೂ ಸಾಯ್ತೀರಿ!" ಎಂದು ಕೂಗಿದೆ. ಅವರು ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದರು. "ಹೊರಗ ನಿಂತಾಕಿ ಮಾರಿ ಮ್ಯಾಲ ಬಾಗಲಾ ಹಾಕೂದು ನಮ್ಮ ಮನ್ಯಾಗ ಇಲ್ಲವ್ವಾ. ಬಾ ಒಳಗ" ಎಂದರು. ಒಳಗೆ ಬಂದೆ. ಬಂದು ಅವರನ್ನೇ ಕಚ್ಚಿದೆ. ಇಬ್ಬರೂ ಸತ್ತೆವು. ಅತ್ತೆಯ ಮುಖದಲ್ಲಿ ಗೆದ್ದವರ ಕಳೆ ಇತ್ತು.

ನನಗೆ ಅಳು ಬಂತು. ಒತ್ತಿಕೊಂಡು ಮತ್ತೊಂದು ಆಟ ಹಚ್ಚಿದೆ. ಈ ಸಲ ಅವರಿಗೇ ಕಚ್ಚಿತು. ಬಾಗಿಲು ನನ್ನ ಕೈಯಲ್ಲಿ. ಸಾಯುವುದಾದರೂ ಸರಿ, ಹಾಕುವುದಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ. ಐದು ಸೆಕೆಂಡು ಕಳೆಯಿತು, ಏಳು ಕಳೆಯಿತು, ಎಂಟು ಕಳೆಯಿತು. ಅತ್ತೆ ಬಾಗಿಲ ಹತ್ತಿರಕ್ಕೆ ಬಂದರು. ಒಂಬತ್ತಕ್ಕೆ ನನ್ನ ಬೆರಳು ನನ್ನನ್ನು ಕೇಳದೆ ಬಾಗಿಲು ಹಾಕಿಬಿಟ್ಟಿತು.

ಕತ್ತು ಎತ್ತುವ ಧೈರ್ಯವಾಗಲಿಲ್ಲ. ಅತ್ತೆ ಚಾಳೀಸಿನ ಮೇಲಿಂದ ನನ್ನನ್ನು ನೋಡಿದರು. "ಮನ್ನಿ ಎರಡಕ್ಕ ಹಾಕಿದ್ದಿ, ಇವತ್ತ ಒಂಬತ್ತಕ್ಕ ಹಾಕಿದಿ. ಸುಧಾರಸಾಕತ್ತಿ ಬಿಡು" ಎಂದು ಚಹಾ ಇಡಲು ಎದ್ದರು. ಆಮೇಲೆ ದಿನವೂ ಆಡುತ್ತಿದ್ದೇವೆ, ಬಾಯಿ ತುಂಬ ಮಾತಾಡುತ್ತಿದ್ದೇವೆ. ನಾನು ಮಾತ್ರ ಒಂಬತ್ತೂವರೆಯನ್ನು ಇನ್ನೂ ದಾಟಿಲ್ಲ.