ದೂಡಿದರೆ ಮಾತ್ರ ಹೊರಡುವ ಬೈಕು

ಕೂತಲ್ಲಿ ಕೂರಲಾರದ ಮನುಷ್ಯರನ್ನು ಕಂಡರೆ ನನಗೆ ತಲೆನೋವು ಬರುತ್ತದೆ. ಊಟದ ನಡುವೆ ಎದ್ದು ಕಿಟಕಿಯಾಚೆ ಇಣುಕುತ್ತಾರೆ. ಬಸ್ಸು ಇನ್ನೂ ತಿರುವಿನಲ್ಲಿ ಕಾಣಿಸುವ ಮೊದಲೇ ಒಂದು ಕಾಲು ಎತ್ತಿ ನಿಲ್ಲುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಒಂದು ಕಡೆ ಕೂತರೆ ಬೆಲ್ಲು ಹೊಡೆಯುವವರೆಗೆ ಏಳುವವಳಲ್ಲ. ಮದುವೆಯಾದದ್ದು ಮಾತ್ರ ಅಂಥವರೊಬ್ಬರನ್ನೇ. ತೆಕ್ಕಟ್ಟೆಯಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟ ನಮ್ಮನೆಯವರು ಅಂಗಡಿಯಲ್ಲಿ ಇದ್ದದ್ದಕ್ಕಿಂತ ಅಂಗಡಿಯ ಮೆಟ್ಟಿಲ ಮೇಲೆ ಇದ್ದದ್ದೇ ಹೆಚ್ಚು.

ಅವರು ಹುಡುಗರಾಗಿದ್ದಾಗ ಮುಂಬಯಿಯಲ್ಲಿ ತಮ್ಮ ಮಾವನ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಮನೆ ಖಾಲಿ ಮಾಡುವಾಗ ತಮ್ಮ ತಂದೆ ರೇಸಿಗೆ ಓಡಿಸುತ್ತಿದ್ದ ಇಂಗ್ಲೆಂಡಿನ ಬೈಕನ್ನು ಇವರಿಗೆ ಕೊಟ್ಟರಂತೆ. ಬೈಕು ಎಂದರೆ ಬೈಕಲ್ಲ, ಗೋಣಿಚೀಲಗಳಲ್ಲಿ ತುಂಬಿದ ಕಬ್ಬಿಣ. ನಮ್ಮ ಮಗಳು ಹೈಸ್ಕೂಲಿಗೆ ಸೇರಿದಾಗ ಅದರ ಜೋಡಣೆ ಶುರುವಾಗಿ, ಅವಳ ಬಾಣಂತನ ಮುಗಿಯುವ ಹೊತ್ತಿಗೆ ಮುಗಿಯಿತು. ಬೆಳ್ಳಿ ಬಣ್ಣದ ಟ್ಯಾಂಕು, ಬಾಗಿ ಹಿಡಿಯಬೇಕಾದ ಹ್ಯಾಂಡಲ್, ತುತ್ತೂರಿಯಂಥ ಸೈಲೆನ್ಸರು. ಹಳೆಯ ರೇಸ್ ಬೈಕಿನ ಎಂಜಿನ್ನಿಗೆ ಹರಳೆಣ್ಣೆಯೇ ಆಗಬೇಕೆಂದು ಯಾರೋ ಹೇಳಿದ್ದರಿಂದ ಮನೆಯಿಡೀ ಎಳೆಮಕ್ಕಳ ತಲೆಯ ವಾಸನೆ. ಎಲ್ಲ ಸರಿ, ಕಿಕ್ ಹೊಡೆಯುವ ಕಡ್ಡಿ ಎಲ್ಲಿ ಎಂದು ಕೇಳಿದೆ. "ರೇಸ್ ಬೈಕಿಗೆ ಕಿಕ್ಕರ್ ಇರುದಿಲ್ಲ. ದೂಡ್ಕ್" ಎಂದರು, ಹೆಮ್ಮೆಯಿಂದ.

ಯಾರು ದೂಡಬೇಕೆಂದು ಕೇಳದಿದ್ದದ್ದು ನನ್ನ ದಡ್ಡತನ. ಕರಾವಳಿಯ ಚಪ್ಪಟೆ ನೆಲದಲ್ಲಿ ಇಳಿಜಾರು ಎಲ್ಲಿಂದ ತರುವುದು? ಭಾನುವಾರ ಬೆಳಿಗ್ಗೆಯಾದರೆ "ಹ್ವಾಯ್, ಒಂಚೂರ್ ಬಾ ಕಾಂಬ" ಎಂಬ ಕರೆ. ನಾನು ಸೆರಗು ಸಿಕ್ಕಿಸಿ ಓಡುತ್ತಾ ದೂಡಬೇಕು, ಅವರು ಮೇಲೆ ಕೂತು "ಇನ್ನೂ ಜೋರ್! ಜೋರ್!" ಎನ್ನಬೇಕು. ಪಕ್ಕದ ಮನೆಯ ಗುಲಾಬಿ ಬೇಲಿಯಿಂದಲೇ "ಟೀಚರ್ರೇ, ಇವತ್ತೂ ಕಸರತ್ ಶುರು ಆಯ್ತಾ?" ಎನ್ನುತ್ತಿದ್ದಳು. ಕೊನೆಗೊಮ್ಮೆ ಬೈಕು ಗುಡುಗಿ, ನನ್ನ ಮುಖಕ್ಕೆ ಹೊಗೆಯುಗುಳಿ ಹೋಗುತ್ತಿತ್ತು. ಬೇಗನೆ ತಿರುಗಿಯೂ ಬರುತ್ತಿತ್ತು. ಅದರ ಜಾತಕವೇ ಹಾಗೆ: ನಿಧಾನ ಮಾಡಿದರೆ ಎಂಜಿನ್ ಆರುತ್ತದೆ, ದೂರದಲ್ಲಿ ಆರಿದರೆ ದೂಡಲು ಹೆಂಡತಿ ಇರುವುದಿಲ್ಲ.

ಹೀಗಿರುವಾಗ ಹಳೆಯ ವಾಹನಗಳ ಮೆರವಣಿಗೆಯೊಂದು ಬ್ರಹ್ಮಾವರದಿಂದ ಬೈಂದೂರಿಗೆ ಹೊರಡುವುದೆಂದಾಯಿತು. ಇವರಿಗೂ ಕರೆ ಬಂತು. ಅಂದಿನಿಂದ ಇವರು ಮನೆಯೊಳಗೆ ನಿಂತದ್ದನ್ನು ನಾನು ನೋಡಲಿಲ್ಲ. ಬೈಕು ಒರೆಸುವುದು, ಮತ್ತೆ ಒರೆಸುವುದು. ಮೆರವಣಿಗೆಯ ಹಿಂದಿನ ದಿನ ಟ್ರಯಲ್ ನೋಡಲು ಹಾರಿ ಕೂತವರು ಮೊಣಕಾಲು ಉಳುಕಿಸಿಕೊಂಡರು. ಕಾಲು ಹಲಸಿನಕಾಯಿಯಂತೆ ಊದಿತು. ಊದಿದ ಕಾಲಿನಲ್ಲೂ ಜಗಲಿಗೂ ಅಂಗಳಕ್ಕೂ ಕುಂಟುತ್ತಾ ತಿರುಗಿದರು.

"ನಾ ಹೋತಿಲ್ಲೆ. ಬೈಕ್ ಅಲ್ಲೇ ಇರ್ಲಿ" ಎಂದವರ ಮುಖ ನೋಡಲಾಗಲಿಲ್ಲ.

"ನಾ ಓಡಿಸ್ತೆ" ಎಂದೆ.

"ಇದ್ ಸ್ಕೂಟರ್ ಅಲ್ಲ ಮಾರಾಯ್ತಿ!"

"ಸ್ಕೂಟರ್ ಆಗಿದ್ರೆ ಇಷ್ಟ್ ದಿನ ನಾ ದೂಡ್ತಿರ್ಲಿಲ್ಲ."

ಮದುವೆಗೆ ಮುಂಚೆ ಅಣ್ಣನ ಬೈಕು ಓಡಿಸುತ್ತಿದ್ದವಳು ನಾನು. ಆದರೆ ಇದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸಂಜೆಯಿಡೀ ಅಡುಗೆಮನೆಯ ಮಣೆಯ ಮೇಲೆ ಕೂತು ಗಾಳಿಯಲ್ಲಿ ಕಾಲಾಡಿಸಿ ಅಭ್ಯಾಸ ಮಾಡಿದೆ. ಸಾರು ಉಕ್ಕಿ ಹೋಯಿತು.

ಬ್ರಹ್ಮಾವರದಲ್ಲಿ ಯಾರೋ ಇಬ್ಬರು ದೂಡಿದರು. ನಮ್ಮನೆಯವರು ನಮ್ಮೂರಿನ ಭಾಸ್ಕರನ ರಿಕ್ಷಾದಲ್ಲಿ ಕೂತು, ತಲೆ ಹೊರಗೆ ಹಾಕಿ, "ನಿಧಾನ ಮಾಡ್ಬೇಡ, ಆಫ್ ಆತ್ತ್!" ಎಂದು ಕೂಗಿದ್ದೇ ಕೊನೆಯ ಉಪದೇಶ. ಮೆರವಣಿಗೆಯ ಮುಂದೆ ಮುಖ್ಯ ಅತಿಥಿಗಳ ಜೀಪು, ಎತ್ತಿನಗಾಡಿಯ ವೇಗ. ಸಾಲಿಗ್ರಾಮದವರೆಗೆ ಹೇಗೋ ಸಹಿಸಿದೆ. ಅಲ್ಲಿ ಎಂಜಿನ್ ಕೆಮ್ಮತೊಡಗಿತು. ಆರಿದರೆ ಎಲ್ಲರೆದುರು ಮರ್ಯಾದೆ ಹೋಗುವುದು ನಮ್ಮನೆಯವರದ್ದು ಎಂದುಕೊಂಡು ಆಕ್ಸಿಲರೇಟರ್ ತಿರುಗಿಸಿದೆ. ಜೀಪಿನಲ್ಲಿ ನಿಂತು ಕೈಬೀಸುತ್ತಿದ್ದ ಅತಿಥಿಗಳು ಹರಳೆಣ್ಣೆಯ ಹೊಗೆಯಲ್ಲಿ ಮರೆಯಾದರು.

ತೆಕ್ಕಟ್ಟೆಯಲ್ಲಿ ನನ್ನದೇ ಶಾಲೆಯ ಮಕ್ಕಳು ಬಾವುಟ ಎತ್ತುವಷ್ಟರಲ್ಲಿ ದಾಟಿದ್ದೆ. ಕುಂದಾಪುರವೂ ಹೋಯಿತು. ಮರವಂತೆಯ ನೇರ ರಸ್ತೆಯಲ್ಲಿ ಕೊನೆಯ ಗೇರು ಹಾಕಿದೆ. ಬೈಂದೂರಿನಲ್ಲಿ ಹಾರ ಹಿಡಿದು ನಿಂತವರು ಕಂಡರು. ಬ್ರೇಕು ಯಾವ ಕಾಲಿನದು ಎಂದು ಆಗ ನನಗೆ ಚೆನ್ನಾಗಿಯೇ ನೆನಪಿತ್ತು. ಆದರೂ ತುಳಿಯಲಿಲ್ಲ.

ನಿಲ್ಲಿಸಿದ್ದು ಬೈಂದೂರಿನಾಚೆ ಶಿರೂರಿನಲ್ಲಿ ರಸ್ತೆ ದಾಟುತ್ತಿದ್ದ ಎಮ್ಮೆಗಳು. ಎಂಜಿನ್ ಆರಿತು. ಮರದಡಿಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಅಮ್ಮಾ, ಯಾರಾದ್ರೂ ಅಟ್ಟಿಸ್ಕಂಡ್ ಬತ್ತಾ ಇದ್ರಾ?" ಎಂದಳು.

"ಬಂದ್ರೆ ಗಂಡನೇ ಬರ್ಕ್" ಎಂದೆ. ಅಷ್ಟರಲ್ಲಿ ಭಯವೂ ಬಂದಿತ್ತು. ಅವರ ಇಷ್ಟು ವರ್ಷದ ದುಡಿಮೆಗೆ ಸಿಗಬೇಕಾದ ಹಾರವನ್ನು ನಾನು ಬೈಂದೂರಿನಲ್ಲೇ ಬಿಟ್ಟು ಬಂದಿದ್ದೆ. ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಎಷ್ಟೋ ಹೊತ್ತು ಕಾದ ಮೇಲೆ ರಿಕ್ಷಾ ಬಂತು. ಅವರು ಕುಂಟುತ್ತಾ ಇಳಿದು, ಎಂಜಿನ್ನಿನ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದರು: "ಟಾಪ್ ಗೇರ್ ಹಾಕಿದ್ಯಾ?"

"ಹಾಕ್ದೆ."

"ಹ್ಯಾಂಗಿತ್ತ್?"

ಆಗ ನನಗೆ ಹೊಳೆಯಿತು, ಅವರು ಇದುವರೆಗೆ ಆ ಗೇರನ್ನು ಹಾಕಿಯೇ ಇರಲಿಲ್ಲ. ದೂಡುವವರಿಲ್ಲದ ಕಡೆ ನಿಂತೀತೆಂದು ಹೆದರಿ ಮನೆ ಸುತ್ತಲೇ ತಿರುಗುತ್ತಿದ್ದರು. ನಾನು ಹೇಳಿದೆ: ಬಿಡಿಬಿಡಿ ಗುಡುಗು ನಿಂತು ಒಂದೇ ಉದ್ದ ಸ್ವರ ಹೊರಡುತ್ತದೆ, ಹ್ಯಾಂಡಲ್ ನಡುಗುವುದನ್ನು ಬಿಡುತ್ತದೆ, ಆಮೇಲೆ ಬೈಕು ನಮ್ಮ ಮಾತು ಕೇಳುವುದಲ್ಲ, ನಾವು ಅದರದ್ದು. ಅವರು ಮೀನಿನವಳ ಪಕ್ಕದ ಕಲ್ಲಿನ ಮೇಲೆ ಅಲುಗಾಡದೆ ಕೂತು ಕೇಳಿದರು. "ಇನ್ನೊಂದ್ ಸಲ ಹೇಳ್" ಎಂದರು. ಇನ್ನೊಂದು ಸಲ ಹೇಳಿದೆ, ನಿಂತುಕೊಂಡೇ.

ಮೀನಿನವಳೂ ಭಾಸ್ಕರನೂ ದೂಡಲು ಒಪ್ಪಿದರು. ಭಾಸ್ಕರ ಬೈಕಿನ ಮುಖವನ್ನು ಹಿಂದಕ್ಕೆ, ಬೈಂದೂರಿನ ಕಡೆಗೆ ತಿರುಗಿಸಿದ.

"ಹಾಂಗಲ್ಲ ಭಾಸ್ಕರ," ಎಂದೆ ಹೆಲ್ಮೆಟ್ ಬಿಗಿಯುತ್ತಾ, "ಭಟ್ಕಳದ್ ಬದಿಗ್ ತಿರ್ಗ್ಸ್."